ಯೇಸು 'ಹೇಳಿದನೋ', 'ಹೇಳಿದರೋ'?

ಮುಂಬಯಿಯ ಕನ್ನಡ ಕಾರ್ಯಕ್ರಮಗಳಲ್ಲಿ ಹೊಸಬರ ಪರಿಚಯವಾದಾಗ ನನಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದುಂಟು: "ಓ, ನೀವು ಕ್ರೈಸ್ತರೋ? ಹಾಗಾದರೆ ಮನೆಯಲ್ಲಿ ಕೊಂಕಣಿಯೋ, ಇಂಗ್ಲಿಷೋ?" ಎರಡೂ ಅಲ್ಲ, ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ ಎಂದರೆ ಕೇಳಿದವರಿಗೆ ಆಶ್ಚರ್ಯ. ಕರಾವಳಿಯ ಕ್ರೈಸ್ತರೆಂದರೆ ಕೊಂಕಣಿ ಮಾತಾಡುವ ಕಥೊಲಿಕರು ಎಂಬ ಎಣಿಕೆ ಈ ಊರಿನಲ್ಲಿ ಗಟ್ಟಿಯಾಗಿದೆ. ಬಾಸೆಲ್ ಮಿಶನಿನ ಪರಂಪರೆಯಲ್ಲಿ ಬಂದ ನಾವು ಪ್ರಾಟೆಸ್ಟಂಟರು. ಸಂಖ್ಯೆಯಲ್ಲಿ ಬಹಳ ಕಡಿಮೆ. ಆದರೆ ಜಗಳವಾಡಲು ಸಂಖ್ಯೆ ಬೇಕಿಲ್ಲವಲ್ಲ! ನಮ್ಮ ಸಭೆಯ ಜಗಳಗಳನ್ನೂ ಅದರ ನಡುವಿನ ಸಣ್ಣಪುಟ್ಟ ಸಂತೋಷಗಳನ್ನೂ ನನ್ನ ವಯಸ್ಸಿನ ಗೆಳೆಯರಿಗೆ ತುಸು ಹೇಳೋಣವೆನಿಸಿದೆ.

ಇತಿಹಾಸದ ಪಾಠವನ್ನು ಉದ್ದ ಮಾಡುವುದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಅವರ ಬೆನ್ನಿಗೇ ಬಂದ ಹೆರ್ಮನ್ ಮೋಗ್ಲಿಂಗ್ ೧೮೪೩ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಅಚ್ಚಿಗೆ ತಂದವರು ಇದೇ ಪಾದ್ರಿಗಳು. ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಹೊರಬಂದದ್ದು ೧೮೯೪ರಲ್ಲಿ. ಹೀಗಾಗಿ ಕನ್ನಡ ನಮಗೆ ಮನೆಮಾತಲ್ಲದಿದ್ದರೂ ಪ್ರಾರ್ಥನೆಯ ಮಾತು. ರಾಗ ಜರ್ಮನಿಯದು, ಮಾತು ಕನ್ನಡದ್ದು, ಹಾಡುವ ಗಂಟಲು ತುಳುವಿನದು. ನಮ್ಮ ಕೀರ್ತನೆಗಳ ಸೊಗಸೇ ಅದು.

ನಮ್ಮ ಸಂತೋಷಗಳು ದೊಡ್ಡವೇನಲ್ಲ. ಭಾನುವಾರ ರೈಲ್ವೆಯವರ ಮೆಗಾ ಬ್ಲಾಕ್ ಇದ್ದರೆ ಡೊಂಬಿವಲಿ, ಠಾಣೆಯ ಕಡೆಯವರು ತಡವಾಗಿ ಬರುತ್ತಾರೆ. ಅವರಿಗಾಗಿ ಮೊದಲ ಕೀರ್ತನೆಯ ಎಲ್ಲ ಚರಣಗಳನ್ನೂ ನಿಧಾನವಾಗಿ ಎಳೆದು ಹಾಡುವುದು ನಮ್ಮಲ್ಲಿ ಯಾರೂ ಬರೆದಿಡದ ನಿಯಮ. ಕನ್ನಡ ಓದಲು ಬಾರದ ನಮ್ಮಲ್ಲಿ ಹಲವರು ಕೀರ್ತನೆಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತೇವೆ. ಶಾಲೆಯ ಮರಾಠಿ ಹೀಗೆ ಉಪಕಾರಕ್ಕೆ ಬಂತು. ಆದರೂ ನಾವು 'ಅ'ಕಾರ 'ಹ'ಕಾರ ಎಡವಿದರೆ ಹಿಂದಿನ ಬೆಂಚಿನಿಂದ ಅಜ್ಜಿಯರ ಕೆಮ್ಮು ಕೇಳಿಸುತ್ತದೆ.

ಸುಗ್ಗಿ ಹಬ್ಬದ ಏಲಂ ಅಂತೂ ನೋಡಿಯೇ ತಿಳಿಯಬೇಕು. ಹೊಲ ಗದ್ದೆ ಯಾರಿಗೂ ಇಲ್ಲ. ದಾದರ್ ಮಾರುಕಟ್ಟೆಯಿಂದ ಕೊಂಡು ತಂದ ಕುಂಬಳಕಾಯಿ, ಬಾಲ್ಕನಿಯ ಕುಂಡದಲ್ಲಿ ಬಿಟ್ಟ ನಾಲ್ಕು ಮೆಣಸು, ಊರಿನಿಂದ ಬಂದ ಒಂದು ಹಲಸು, ಎಲ್ಲವೂ ದೇವರ ಮುಂದೆ. ಒಂದು ನಿಂಬೆಹಣ್ಣನ್ನು ಐನೂರು ರೂಪಾಯಿಗೆ ಕೊಂಡವರು ಅದನ್ನೇ ಮತ್ತೆ ಏಲಂಗೆ ಕೊಡುತ್ತಾರೆ. ವರ್ಷವಿಡೀ ಮಾತು ಬಿಟ್ಟ ಇಬ್ಬರು ಹಿರಿಯರು ಆ ನಿಂಬೆಹಣ್ಣಿಗಾಗಿ ಪೈಪೋಟಿಗೆ ಬಿದ್ದು ಕೊನೆಗೆ ನಕ್ಕುಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಜಗಳಗಳು. ನನಗೆ ಅತ್ಯಂತ ಪ್ರಿಯವಾದದ್ದು ವ್ಯಾಕರಣದ ಜಗಳ. ನಮ್ಮ ಮನೆಯಲ್ಲಿ ಎರಡು ಸತ್ಯವೇದಗಳಿವೆ. ಅಜ್ಜಿಯ ಹಳೆಯ ಪುಸ್ತಕದಲ್ಲಿ ಯೇಸು 'ಹೇಳಿದನು', 'ನಡೆದನು'. ಬೈಬಲ್ ಸೊಸೈಟಿಯವರು ಆಡುಮಾತಿಗೆ ಹತ್ತಿರವಾಗಿ ತಂದ ಹೊಸ ಅನುವಾದದಲ್ಲಿ ಯೇಸು 'ಹೇಳಿದರು'. ಹಳೆಯದರ 'ಯೆಹೋವ' ಹೊಸದರಲ್ಲಿ 'ಸರ್ವೇಶ್ವರ'ನಾಗಿದ್ದಾನೆ. ಆರಾಧನೆಯಲ್ಲಿ ಯಾವುದನ್ನು ಓದಬೇಕು ಎಂಬ ಚರ್ಚೆ ನಮ್ಮ ಸಭೆಯಲ್ಲಿ ವರ್ಷಗಟ್ಟಲೆ ನಡೆಯಿತು. "ಶಾಲೆಯ ಮೇಷ್ಟ್ರಿಗೆ ಬಹುವಚನ, ಲೋಕರಕ್ಷಕನಿಗೆ ಏಕವಚನವೆ?" ಎಂದು ಒಂದು ಪಕ್ಷ. "ದೇವರನ್ನು 'ನೀವು' ಎಂದು ದೂರ ಕೂರಿಸುವುದು ಹೇಗೆ? ಅವನು ಮೇಷ್ಟ್ರಲ್ಲ, ನಮ್ಮವನು" ಎಂದು ಇನ್ನೊಂದು ಪಕ್ಷ. ನಾನು ಅಜ್ಜಿಯ ಪಕ್ಷ. ದಾಸರು ವಿಠಲನನ್ನೂ ಶರಣರು ಶಿವನನ್ನೂ ಏಕವಚನದಲ್ಲೇ ಕರೆದು, ಗದರಿಸಿ, ಮುನಿಸಿಕೊಂಡ ಭಾಷೆ ಇದು. ಕನ್ನಡದಲ್ಲಿ ಭಕ್ತಿ ಎಂದರೆ ಸಲಿಗೆಯೂ ಹೌದು.

ಗೆಳೆಯರೇ, ಒಂದು ಮಾತು ಗಮನಿಸಿ: ಈ ಜಗಳವನ್ನು ಇಂಗ್ಲಿಷಿನಲ್ಲಿ ಆಡಲು ಸಾಧ್ಯವೇ ಇಲ್ಲ. ಅಲ್ಲಿ ಮೇಷ್ಟ್ರಿಗೂ ಮಗುವಿಗೂ ದೇವರಿಗೂ ಒಂದೇ ಕ್ರಿಯಾಪದ. ಕನ್ನಡದಲ್ಲಿ ದೇವರ ಬಗ್ಗೆ ಒಂದು ವಾಕ್ಯ ಮುಗಿಸಬೇಕಾದರೆ ಅವನು ಎಷ್ಟು ಹತ್ತಿರದವನು ಎಂದು ತೀರ್ಮಾನಿಸಿಯೇ ಮುಗಿಸಬೇಕು. ಮರಾಠಿ ಬಲ್ಲ ನಿಮಗೆ ಇದು ಸುಲಭವಾಗಿ ತಿಳಿದೀತು.

ಆದ್ದರಿಂದಲೇ ಎರಡನೆಯ ಜಗಳ ನನ್ನನ್ನು ಹೆಚ್ಚು ಕಾಡಿತು. ಕನ್ನಡ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ ಇಲ್ಲವೇ ಊರಿಗೆ ಹಿಂದಿರುಗುತ್ತಿದ್ದಾರೆ. ಮಕ್ಕಳಿಗೆ ಪ್ರಸಂಗ ಅರ್ಥವಾಗುವುದಿಲ್ಲ. ಆರಾಧನೆಯನ್ನೇ ಇಂಗ್ಲಿಷಿಗೆ ಬದಲಿಸೋಣ ಎಂದು ಸಭಾ ಮಂಡಳಿಯಲ್ಲಿ ಸೂಚನೆ ಬಂತು. ವಿಚಿತ್ರವೆಂದರೆ ಅದನ್ನು ತಂದವರು ಯುವಕರಲ್ಲ, ಮೊಮ್ಮಕ್ಕಳು ಕೈತಪ್ಪಿ ಹೋದಾರು ಎಂದು ಹೆದರಿದ ಅಜ್ಜಂದಿರು! ವಿರೋಧಿಸಿದವರಲ್ಲಿ ಅರ್ಧಕ್ಕರ್ಧ ನಾವು, ಕನ್ನಡ ಓದಲು ಬಾರದವರು. ಇಂಗ್ಲಿಷ್ ಆರಾಧನೆ ಈ ಊರಿನ ಪ್ರತಿ ಉಪನಗರದಲ್ಲೂ ಸಿಗುತ್ತದೆ. ಅದಕ್ಕಾಗಿ ಮೂರು ರೈಲು ಬದಲಿಸಿ ಇಲ್ಲಿಗೆ ಬರಬೇಕೆ ಎಂಬುದು ನಮ್ಮ ವಾದ. ಕೊನೆಗೆ ತಿಂಗಳ ಮೊದಲ ಭಾನುವಾರ ಪ್ರಸಂಗ ಮಾತ್ರ ಇಂಗ್ಲಿಷಿನಲ್ಲಿ, ಕೀರ್ತನೆ, ಪ್ರಾರ್ಥನೆಗಳೆಲ್ಲ ಕನ್ನಡದಲ್ಲಿ ಎಂದಾಯಿತು. ಯಾರಿಗೂ ಪೂರ್ತಿ ಸಮಾಧಾನವಿಲ್ಲ. ಯಾರೂ ಬಿಟ್ಟು ಹೋಗಲಿಲ್ಲ ಎಂಬುದೂ ನಿಜ.

ಹೀಗೆ ಅರೆಮನಸ್ಸಿನ ಒಪ್ಪಂದಗಳಿಂದ ಸಭೆ ಕಟ್ಟುವುದು ನಮಗೆ ಹೊಸದೂ ಅಲ್ಲ. ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಬೇರೆ ಬೇರೆ ಪಂಗಡಗಳನ್ನು ಒಂದುಗೂಡಿಸುವ ಮಾತು ತಮಿಳುನಾಡಿನ ತರಂಗಂಬಾಡಿಯಲ್ಲಿ ಆರಂಭವಾದದ್ದು ೧೯೧೯ರಲ್ಲಿ. ದಕ್ಷಿಣ ಭಾರತ ಸಭೆ ಮದರಾಸಿನಲ್ಲಿ ಉದ್ಘಾಟನೆಯಾದದ್ದು ೧೯೪೭ರ ಸೆಪ್ಟೆಂಬರ್ ೨೭ರಂದು. ಇಪ್ಪತ್ತೆಂಟು ವರ್ಷ! ಬಿಷಪರು ಬೇಕೇ ಬೇಡವೇ ಎಂಬುದೇ ಬಹುಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು. ಅದೇ ಸಭೆಯಲ್ಲಿ ಮಹಿಳೆಯೊಬ್ಬರು, ಪುಷ್ಪಲಲಿತಾ ಅವರು, ಬಿಷಪರಾಗಲು ೨೦೧೩ರವರೆಗೆ ಕಾಯಬೇಕಾಯಿತು. ಇದು ತಾಳ್ಮೆ ಎಂದು ಹಿರಿಯರು ಹೇಳುತ್ತಾರೆ. ನಮ್ಮ ಸಭೆಯಲ್ಲಿ ಅಡುಗೆ, ಹೂವು, ಸಂಡೇ ಸ್ಕೂಲ್ ಎಲ್ಲವನ್ನೂ ನಡೆಸುವ ಅಮ್ಮಂದಿರನ್ನು ನೋಡಿದರೆ ನನಗೆ ಅದು ಬರಿಯ ವಿಳಂಬ ಎನಿಸುತ್ತದೆ.

ಮೂರನೆಯ ಜಗಳ ಮನೆಯೊಳಗಿನದು, ಆದ್ದರಿಂದ ನಗು ಕಡಿಮೆ. ದೊಡ್ಡಪ್ಪನ ಮಗಳು, ನನ್ನ ಅಕ್ಕ, ನಮ್ಮ ಸಭೆ ಬಿಟ್ಟು ಹೊಸದೊಂದು ಪ್ರಾರ್ಥನಾ ಕೂಟ ಸೇರಿದಳು. ಶಾಲೆಯೊಂದರ ಹಾಲಿನಲ್ಲಿ ಗಿಟಾರು, ಡ್ರಮ್ಮುಗಳೊಂದಿಗೆ ನಡೆಯುವ ಕೂಟ. ಅಲ್ಲಿ ಆಕೆ ನೀರಿನಲ್ಲಿ ಮುಳುಗಿ ಮತ್ತೊಮ್ಮೆ ದೀಕ್ಷಾಸ್ನಾನ ತೆಗೆದುಕೊಂಡಳು. ಶಿಶುವಿಗೆ ಕೊಟ್ಟ ಸ್ನಾನ ಸಲ್ಲದು ಎಂಬುದು ಅವರ ನಂಬಿಕೆ. ಅಜ್ಜ ಕೇಳಿದ್ದು ಒಂದೇ ಮಾತು: "ಅಂದು ನಿನ್ನನ್ನು ಎತ್ತಿಕೊಂಡು ನಿಂತವನು ನಾನು. ಅದು ಸುಳ್ಳಾಯಿತೇ ಮಗಾ?" ಅಂದಿನಿಂದ ಇಬ್ಬರಲ್ಲೂ ಮಾತಿಲ್ಲ.

ಇದು ಇಂದಿನ ಜಗಳವಲ್ಲ. ೧೫೨೫ರಲ್ಲಿ, ಬಾಸೆಲಿನ ನೆರೆಯ ಜೂರಿಕ್ ನಗರದಲ್ಲಿ, ಕೆಲವರು ಹೀಗೆಯೇ ಎರಡನೆಯ ಸಲ ಸ್ನಾನ ಪಡೆದರು. ೧೫೨೭ರಲ್ಲಿ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಜ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು, ಕೊಲ್ಲಿಸಿದವರು ಪ್ರಾಟೆಸ್ಟಂಟರೇ. ಅದಕ್ಕೆ ಹೋಲಿಸಿದರೆ ಅಜ್ಜನ ಮೌನ ದೊಡ್ಡದಲ್ಲ. ಆದರೂ ಮೌನ ಮೌನವೇ.

ಅಕ್ಕನ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಆಕೆ ಹೋದದ್ದು ವಾದಕ್ಕಾಗಿ ಅಲ್ಲ ಎಂದು ನನಗೆ ಗೊತ್ತು. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ ಎಂಟು ತಿಂಗಳಲ್ಲಿ ನಮ್ಮ ಸಭೆಯವರು ಕೇಳಿದ್ದು "ಮದುವೆ ಯಾವಾಗ?" ಎಂದು. ಆ ಕೂಟದವರು ಕೇಳಿದ್ದು "ಊಟ ಆಯಿತೇ?" ಎಂದು. ಸಿದ್ಧಾಂತದ ಚರ್ಚೆ ಎಷ್ಟು ನಡೆದರೂ ನಮ್ಮ ಮಂಡಳಿಯಲ್ಲಿ ಈ ವಿಷಯ ಮಾತ್ರ ಚರ್ಚೆಗೆ ಬಂದಿಲ್ಲ.

ಕ್ರಿಸ್ಮಸಿಗೆ ಮುಂಚಿನ ರಾತ್ರಿಗಳಲ್ಲಿ ನಾವು ಮನೆಮನೆಗೆ ಹೋಗಿ ಕ್ಯಾರಲ್ ಹಾಡುವುದುಂಟು. ಪ್ರತಿ ಮನೆಯಲ್ಲೂ ಚಹಾ, ಕಲ್‌ಕಲ್, ಚಕ್ಕುಲಿ. ಆರನೆಯ ಮನೆಯ ಹೊತ್ತಿಗೆ ಯಾರಿಗೂ ಚಹಾ ಬೇಡ, ಆದರೆ ಬೇಡವೆನ್ನುವಂತಿಲ್ಲ. ನಮ್ಮಲ್ಲಿ ಆಲ್ಟೊ ಹಾಡುವವರು ಕಡಿಮೆಯಾಗಿದ್ದಾರೆ. ಅಕ್ಕನ ಸ್ವರ ಆಲ್ಟೊ. ಈ ಡಿಸೆಂಬರಿನಲ್ಲಿ ಅವಳನ್ನು ಕರೆಯುವುದೆಂದು ಯುವಜನ ಸಂಘದಲ್ಲಿ ತೀರ್ಮಾನವಾಗಿದೆ, ಅವಳೂ ಬರುತ್ತೇನೆಂದಿದ್ದಾಳೆ. ಎರಡನೆಯ ರಾತ್ರಿಯ ಪಟ್ಟಿಯಲ್ಲಿ ನಾಲ್ಕನೆಯದು ಅಜ್ಜನ ಮನೆ.