ನಿಮಗಿದು ಗೊತ್ತೆ? ಚೀನೀ ಕಲಿಯಲು ಕಾಸು ಬೇಕಿಲ್ಲ

ಮೊಬೈಲಿನಲ್ಲಿ ಚೀನೀ ಪದವೊಂದರ ಅರ್ಥ ಹುಡುಕಿದರೆ ಸಿಗುವ ವಿವರಣೆ ಎಷ್ಟೋ ಆ್ಯಪ್‌ಗಳಲ್ಲಿ ಒಂದೇ ಮೂಲದ್ದು: ಸಿಸಿ-ಸಿಡಿಕ್ಟ್ ಎಂಬ ಉಚಿತ ಚೀನೀ-ಇಂಗ್ಲಿಷ್ ನಿಘಂಟು. ಪಾಲ್ ಡೆನಿಸೌಸ್ಕಿ 1997ರಲ್ಲಿ ಇದರ ಮೂಲರೂಪವನ್ನು ಆರಂಭಿಸಿದರು. ಆಸ್ಟ್ರೇಲಿಯಾದ ಜಿಮ್ ಬ್ರೀನ್ 1991ರಲ್ಲಿ ಶುರುಮಾಡಿದ್ದ ಜಪಾನೀ ನಿಘಂಟೇ ಅದಕ್ಕೆ ಮಾದರಿ. ಇಂದು ಇದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪದಗಳಿವೆ. ಪ್ರತಿ ಪದಕ್ಕೂ ಸಾಂಪ್ರದಾಯಿಕ ಲಿಪಿ, ಸರಳೀಕೃತ ಲಿಪಿ, ಜೊತೆಗೆ ದನಿಯ ಏರಿಳಿತ ತೋರಿಸುವ ಪಿನ್‌ಯಿನ್ (ರೋಮನ್ ಅಕ್ಷರಗಳಲ್ಲಿ ಉಚ್ಚಾರಣೆ) ಕೊಟ್ಟಿರುತ್ತಾರೆ. ಹೊಸ ಪದವನ್ನು ಯಾರು ಬೇಕಾದರೂ ಸೂಚಿಸಬಹುದು. ಸಂಪಾದಕರು ನೋಡಿ ಸೇರಿಸುತ್ತಾರೆ.

ಉಚ್ಚಾರಣೆ ನಿಘಂಟಿನಿಂದಷ್ಟೇ ಬರುವುದಿಲ್ಲ.

ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ರಾಜತಾಂತ್ರಿಕರಿಗಾಗಿ ತಯಾರಿಸಿದ ಹಳೆಯ ಪಾಠಗಳು, ಧ್ವನಿಮುದ್ರಣ ಸಮೇತ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಸರ್ಕಾರಿ ಕೃತಿಗಳಾದ್ದರಿಂದ ಹಕ್ಕುಸ್ವಾಮ್ಯದ ತೊಡಕಿಲ್ಲ. ಚೀನೀ ಮಾತ್ರವಲ್ಲ, ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಪಾಠಗಳೂ ಇವೆ. ಸಂಭಾಷಣೆಗಳು ಹಳೇ ಕಾಲದವು, ನಿಜ. ಆದರೆ ಕೇಳಿ, ಮತ್ತೆ ಮತ್ತೆ ಹೇಳಿಸುವ ಅಭ್ಯಾಸ ಇಂದಿನ ಅನೇಕ ಆ್ಯಪ್‌ಗಳಿಗಿಂತ ಗಟ್ಟಿ. ತಾಳ್ಮೆಯಂತೂ ಬೇಕು: ಇಂಗ್ಲಿಷ್ ಮಾತೃಭಾಷಿಕರು ಚೀನೀಯಲ್ಲಿ ಪಳಗಲು ಸುಮಾರು 2,200 ಗಂಟೆಗಳ ತರಗತಿ ಬೇಕೆಂಬುದು ಇದೇ ಸಂಸ್ಥೆಯ ಅಂದಾಜು.

ಮತ್ತೆ ನಿಘಂಟಿನ ವಿಷಯಕ್ಕೆ ಬಂದರೆ, ಸಿಸಿ-ಸಿಡಿಕ್ಟ್‌ನ ಪರವಾನಗಿ ಕ್ರಿಯೇಟಿವ್ ಕಾಮನ್ಸ್‌ನದು. ಮೂಲವನ್ನು ಹೆಸರಿಸಿ, ಅದೇ ಷರತ್ತಿನಲ್ಲಿ ಹಂಚುವುದಾದರೆ, ಅದರ ಆಧಾರದ ಮೇಲೆ ಚೀನೀ-ಕನ್ನಡ ನಿಘಂಟನ್ನೂ ಕಟ್ಟಬಹುದು.