ಪ್ರವಾಸಿಗೆ ಮಂಜು, ಕಣಕ್ಕೆ ಮೋಡ

ಕ್ರಿಸ್‌ಮಸ್ ರಜೆ ಬಂತೆಂದರೆ ಬೃಂದಾವನ, ರಂಗನತಿಟ್ಟು, ಮೇಲುಕೋಟೆ, ಆದಿಚುಂಚನಗಿರಿಯ ದಾರಿಗಳಲ್ಲಿ ವಾಹನಗಳು ಸಾಲುಗಟ್ಟುತ್ತವೆ. ಚಳಿ ಎಷ್ಟಿದೆ, ಮಳೆ ಬರುತ್ತದೆಯೇ ಎಂದು ಬರುವವರು ವಿಚಾರಿಸುತ್ತಾರೆ. ನಾಗಮಂಗಲದ ಕಣದಲ್ಲಿ ರಾಗಿ ಮೆದೆ ಒಟ್ಟಿಕೊಂಡ ರೈತನೂ ಅದನ್ನೇ ಕೇಳುತ್ತಾನೆ. ಅವನಿಗದು ವರ್ಷದ ಅನ್ನದ ಮಾತು.

ಹಿಂಗಾರು ಡಿಸೆಂಬರಿನಲ್ಲಿ ಕ್ಷೀಣಿಸಿ ಈಶಾನ್ಯದ ಒಣಗಾಳಿ ಬೀಸತೊಡಗುತ್ತದೆ. ಮೋಡವಿಲ್ಲದ ರಾತ್ರಿ ನೆಲದ ಕಾವೆಲ್ಲ ಮೇಲೆ ಹಾರಿಹೋಗಿ, ನಸುಕಿನಲ್ಲಿ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದಲ್ಲಿ ಕಾವೇರಿ, ವಿಶ್ವೇಶ್ವರಯ್ಯ ನಾಲೆ, ತೊಣ್ಣೂರು ಕೆರೆ, ನೀರುಂಡ ಗದ್ದೆಗಳು ಇರುವುದರಿಂದ ಮಂಜು ದಟ್ಟ. ಕೆ.ಆರ್. ಪೇಟೆಯಲ್ಲಿ ಹೇಮಾವತಿಯ ಮಗ್ಗುಲಿಗೊಂದು ಹವೆ, ಒಣಭೂಮಿಗೊಂದು. ನಾಗಮಂಗಲವಂತೂ ಹೆಚ್ಚಾಗಿ ಮಳೆಯನ್ನೇ ನಂಬಿದ ರಾಗಿ, ಹುರುಳಿಯ ಸೀಮೆ.

ಈ ಚಳಿ ಬೇಕು. ಹಗಲು ಬಿಸಿಲು, ರಾತ್ರಿ ತಂಪು ಇದ್ದರೆ ಕಬ್ಬಿನಲ್ಲಿ ಸಕ್ಕರೆ ಕೂಡುತ್ತದೆ, ಬೆಲ್ಲದ ಇಳುವರಿ ಹೆಚ್ಚುತ್ತದೆ. ಅವರೆಗೆ ಸೊಗಡು ಬರುವುದೂ ಇಬ್ಬನಿಯಿಂದಲೇ ಎಂಬುದು ನಮ್ಮ ಕಡೆಯವರ ಗಟ್ಟಿ ನಂಬಿಕೆ.

ಕೆಡಿಸುವುದು ಬಂಗಾಳಕೊಲ್ಲಿ. 2022ರ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರದ ಬಳಿ ಕರೆ ಮುಟ್ಟಿದ ಮ್ಯಾಂಡಸ್ ಚಂಡಮಾರುತ, 2024ರ ನವೆಂಬರ್ 30ರಂದು ಪುದುಚೇರಿ ಹತ್ತಿರ ಬಂದೆರಗಿದ ಫೆಂಗಲ್, ಎರಡೂ ಹಳೇ ಮೈಸೂರು ಸೀಮೆಗೆ ಮೋಡ ಕವಿಸಿ ಜಡಿಮಳೆ ತಂದವು. ಕೊಯ್ದ ರಾಗಿ ನೆನೆದರೆ ತೆನೆಯಲ್ಲೇ ಮೊಳೆಯುತ್ತದೆ, ಕಾಳು ಕಪ್ಪಾಗುತ್ತದೆ. ಕೊಳೆತ ಹುಲ್ಲನ್ನು ದನ ಮೂಸಿಯೂ ನೋಡದು. ಕಬ್ಬಿನ ಸಿಪ್ಪೆ ಒಣಗದೆ ಆಲೆಮನೆಯ ಒಲೆ ಆರುತ್ತದೆ.

ಹವಾಮಾನ ಇಲಾಖೆಯ ‘ದಕ್ಷಿಣ ಒಳನಾಡಿನಲ್ಲಿ ಒಣಹವೆ’ ಎಂಬ ಸಾಲು ಚಿತ್ರದುರ್ಗದಿಂದ ಚಾಮರಾಜನಗರದವರೆಗೆ ಹರಡಿಕೊಂಡದ್ದು. ಕೊಯ್ಲಿನ ತೀರ್ಮಾನಕ್ಕೆ ಅದು ಸಾಲದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ‘ವರುಣ ಮಿತ್ರ’ ಸಹಾಯವಾಣಿಯೂ ಇದೆ. ಕೊಯ್ಲಿನ ತಿಂಗಳಲ್ಲಾದರೂ ಈ ಮಾಹಿತಿಯನ್ನು ಪಂಚಾಯಿತಿಗಳು ಮೈಕಿನಲ್ಲಿ ಸಾರಬೇಕು. ಕೊಲ್ಲಿಯಲ್ಲಿ ವಾಯುಭಾರ ಕುಸಿದ ಸುದ್ದಿ ಬಂದ ಮೇಲೆ ಮೋಡ ಇಲ್ಲಿಗೆ ಬರಲು ಒಂದೆರಡು ದಿನವಾದರೂ ಸಿಗುತ್ತದೆ. ಮೆದೆಗೆ ಟಾರ್ಪಾಲು ಹೊದಿಸಲು ಅಷ್ಟು ಸಾಕು.

ರಜೆಗೆ ಬರುವವರಿಗೂ ಒಂದು ಮಾತು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅದು ನಡೆದದ್ದು ಹಾಡಹಗಲಲ್ಲಿ. ಮಂಜು ಮುಸುಕಿದ ನಸುಕಿನಲ್ಲಿ ನಾಲೆ ಏರಿಯ ಅಂಚು ಕಾಣುವುದೇ ಇಲ್ಲ. ದಯವಿಟ್ಟು ಬಿಸಿಲು ಬಿದ್ದ ಮೇಲೆ ಆ ದಾರಿ ಹಿಡಿಯಿರಿ.