ಗುಂಡು ತಡವಾಗಿ ಬಂದಾಗ

2006ರಲ್ಲಿ ಭಾರತದ ಟಿ.ವಿ.ಗೆ ಬಂದ ಐದು ವರ್ಷದ ತುಂಟ ಶಿನ್‌ಚಾನ್‌ನನ್ನು ನಾನು ಎಂದೂ ಮೆಚ್ಚಿದವನಲ್ಲ. ಹಿರಿಯರಿಗೆ ಎದುರುತ್ತರ ಕೊಡುವುದನ್ನು ಮಕ್ಕಳು ಅವನಿಂದಲೇ ಕಲಿಯುತ್ತಾರೆಂಬುದು ನನ್ನ ದೂರಾಗಿತ್ತು. ಕೇಯಿಚಿ ಹಾರಾ ನಿರ್ದೇಶಿಸಿದ 2002ರ ಶಿನ್‌ಚಾನ್ ಚಿತ್ರವನ್ನು ಮೊಮ್ಮಗನೊಡನೆ ನೋಡಿದ ಮೇಲೆ ಆ ದೂರು ಉಳಿಯಲಿಲ್ಲ. ಜಪಾನಿನ ಮೀಡಿಯಾ ಆರ್ಟ್ಸ್ ಉತ್ಸವ ಇದಕ್ಕೆ ಅನಿಮೇಷನ್ ವಿಭಾಗದ ಮಹಾಪ್ರಶಸ್ತಿಯನ್ನಿತ್ತಿತು.

ಅಂಗಳದಲ್ಲಿ ಹೂತಿದ್ದ ಪೆಟ್ಟಿಗೆಯೊಳಗೆ ಶಿನ್‌ಚಾನ್‌ನದೇ ಕೈಬರಹದ ಹಳೆಯ ಪತ್ರವೊಂದು ಸಿಗುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವನು 1574ರ ರಣರಂಗದಲ್ಲಿರುತ್ತಾನೆ. ಅವನು ದಿಢೀರನೆ ಪ್ರತ್ಯಕ್ಷನಾದ್ದರಿಂದ ಗುರಿ ತಪ್ಪಿ, ಮತಾಬೆ ಎಂಬ ಸಮುರಾಯ್ ಉಳಿದುಕೊಳ್ಳುತ್ತಾನೆ. ಅರಸುಕುವರಿ ರೆನ್‌ಳ ಮೇಲೆ ಅವನಿಗೆ ಒಲವು. ಅಂತಸ್ತಿನ ಅಂತರ ಅದನ್ನು ನುಡಿಯಗೊಡದು. ಮುತ್ತಿಗೆಗೊಳಗಾದ ಕೋಟೆಯನ್ನು ಅವನು ಕಾಯುತ್ತಾನೆ. ಸೋತ ವೈರಿಯ ತಲೆಯನ್ನು ಕಡಿಯಹೊರಟವನು, ಹುಡುಗನ ಮೊರೆಗೆ ಓಗೊಟ್ಟು ಜುಟ್ಟನ್ನಷ್ಟೇ ಕತ್ತರಿಸುತ್ತಾನೆ. ಗೆದ್ದು ಮರಳುವಾಗ ಎಲ್ಲಿಂದಲೋ ಬಂದ ಗುಂಡು ಅವನನ್ನು ಕೆಡಹುತ್ತದೆ. ತಾನು ಅಂದೇ ಸಾಯಬೇಕಿತ್ತು, ತನ್ನವರನ್ನು ಕಾಯಲು ಈ ಬಿಡುವನ್ನು ತಂದವನು ನೀನೇ ಎಂದು ಅವನು ಶಿನ್‌ಚಾನ್‌ಗೆ ಹೇಳುತ್ತಾನೆ.

‘ಮತ್ತೆ ಹಿಂದಕ್ಕೆ ಹೋಗಿ ಉಳಿಸಬಹುದಲ್ವಾ ತಾತ?’ ಎಂದು ಮೊಮ್ಮಗ ಅಳುತ್ತ ಕೇಳಿದ.

ನನಗೆ ನನ್ನ ತಂದೆಯ ನೆನಪಾಯಿತು. ಮೊದಲ ಹೃದಯಾಘಾತದಿಂದ ಪಾರಾದ ಅವರು ಮತ್ತೆ ಬದುಕಿದ್ದು ಹನ್ನೊಂದೇ ದಿನ. ಆ ಅವಧಿಯಲ್ಲಿ, ವರ್ಷಗಳಿಂದ ಮಾತು ಬಿಟ್ಟಿದ್ದ ತಮ್ಮನನ್ನು ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು ಉಂಡರು. ವೈದ್ಯರು ಅವರನ್ನು ಉಳಿಸಲಿಲ್ಲವೆಂದೇ ನಾನು ಇಷ್ಟು ಕಾಲ ಕೊರಗಿದ್ದೆ. ಆ ಹನ್ನೊಂದು ದಿನಗಳನ್ನು ಕೊಟ್ಟವರೂ ಅವರೇ ಎಂಬುದು ಅಂದು ಹೊಳೆಯಿತು. ಮೊಮ್ಮಗನಿಗೆ ಚಿತ್ರದ ಮಾತು ಬಿಟ್ಟು, ಅವನ ಮುತ್ತಜ್ಜನ ಆ ಊಟದ ಕತೆಯನ್ನು ಹೇಳಿದೆ.